ಗುಳಿಗೆಯ ಕೆಲಸ ಗುಳಿಗೆಗೆ ಬಿಡಿ, ದಾರಿ ನೀವು ನೋಡಿಕೊಳ್ಳಿ

ಎಚ್‌ಐವಿಗೆ ಈಗ ದಿನಕ್ಕೆ ಒಂದೇ ಗುಳಿಗೆ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಅದರೊಳಗೇ ಇರುತ್ತವೆ. ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ಅದು ಪುಕ್ಕಟೆ. 2004ರ ಏಪ್ರಿಲ್ 1ರಂದು ದೇಶದಲ್ಲಿ ಉಚಿತ ಚಿಕಿತ್ಸೆ ಶುರುವಾದಾಗ ರಕ್ತದ ರೋಗನಿರೋಧಕ ಕಣಗಳ ಲೆಕ್ಕವಾದ ಸಿಡಿ4 ಎಣಿಕೆ ತೀರಾ ಇಳಿಯುವವರೆಗೆ ಕಾಯಬೇಕಿತ್ತು. 2017ರಿಂದ ಸೋಂಕು ಖಚಿತವಾದ ಕೂಡಲೇ ಚಿಕಿತ್ಸೆ ಸಿಗುತ್ತದೆ. ಔಷಧದ ಪ್ರಶ್ನೆ ಬಹುಮಟ್ಟಿಗೆ ಮುಗಿದಂತೆಯೇ. ಮುಗಿಯದೆ ಉಳಿದಿರುವುದು ಮಲಪ್ರಭೆ ಹುಟ್ಟುವ ಕಣಕುಂಬಿಯಿಂದ ಬೆಳಗಾವಿಯ ಸಿವಿಲ್ ಆಸ್ಪತ್ರೆವರೆಗಿನ ದಾರಿ. ಮತ್ತು ಆ ದಾರಿಯುದ್ದಕ್ಕೂ "ಎಲ್ಲಿಗೆ ಹೊರಟ್ರಿ?" ಎಂದು ಕೇಳುವ ಪರಿಚಯದ ಮುಖಗಳು.

ಈ ಸೂತ್ರಗಳು ಆ ದಾರಿಯಲ್ಲಿ ಜೊತೆಗೆ ನಡೆಯುವವರಿಗಾಗಿ. ಆಶಾ ಕಾರ್ಯಕರ್ತೆ, ಲಿಂಕ್ ವರ್ಕರ್, ಪಾಸಿಟಿವ್ ಗೆಳೆಯರ ಜಾಲದ ಸದಸ್ಯ, ಸ್ವಸಹಾಯ ಸಂಘದ ಅಕ್ಕ, ಯಾರಾದರೂ ಸರಿ.

1. ವೈದ್ಯಶಾಸ್ತ್ರಕ್ಕೆ ಮೊದಲು ಬಸ್ಸಿನ ವೇಳೆ ಕಲಿಯಿರಿ

ಖಾನಾಪುರದಿಂದ ಬೆಳಗಾವಿ ಸುಮಾರು 25 ಕಿಲೋಮೀಟರ್. ನಕ್ಷೆಯಲ್ಲಿ ನೋಡಿದರೆ ಏನೂ ಅಲ್ಲ. ಆದರೆ ಕಾಡಿನಂಚಿನ ವಾಡೆಯೊಂದರಿಂದ ಹೊರಟವರು ಮೊದಲು ಡಾಂಬರು ರಸ್ತೆಯವರೆಗೆ ನಡೆಯಬೇಕು, ಅಲ್ಲಿ ಟಂಟಂ ಕಾಯಬೇಕು, ಜಾಂಬೋಟಿಯಲ್ಲೋ ಖಾನಾಪುರದಲ್ಲೋ ಇಳಿದು ಬಸ್ಸು ಹಿಡಿಯಬೇಕು. ಸಿವಿಲ್ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಸಾಲು ಬೆಳೆದಿರುತ್ತದೆ. ವಾಪಸು ಬರುವಷ್ಟರಲ್ಲಿ ಆ ದಿನದ ಕೂಲಿ ಹೋಗಿರುತ್ತದೆ. ಗುಳಿಗೆ ಪುಕ್ಕಟೆಯೇ, ಆದರೆ ಅದನ್ನು ತರಲು ಹೋಗುವ ದಿನ ಪುಕ್ಕಟೆಯಲ್ಲ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ಇದು ಆರೋಗ್ಯ ಇಲಾಖೆಯ ಯೋಜನೆಯಲ್ಲ. ಆದರೂ ಈ ಭಾಗದ ಎಚ್‌ಐವಿ ಸೇವೆಗೆ ಇಷ್ಟು ನೇರವಾಗಿ ಒದಗಿದ ಯೋಜನೆಗಳು ಕಡಿಮೆ ಎಂಬುದು ನನ್ನ ಅಭಿಪ್ರಾಯ. ಗಂಡಸರಿಗೆ ಆ ಅನುಕೂಲ ಇಲ್ಲ. ಗಂಡ ಹೆಂಡತಿ ಇಬ್ಬರೂ ಚಿಕಿತ್ಸೆಯಲ್ಲಿದ್ದರೆ ಇಬ್ಬರ ತಾರೀಖೂ ಒಂದೇ ದಿನ ಬರುವಂತೆ ಮಾಡಿಕೊಡಿ ಎಂದು ಕೇಂದ್ರದಲ್ಲಿ ಕೇಳಿ. ಆರೋಗ್ಯ ಸ್ಥಿರವಾಗಿರುವವರಿಗೆ ಒಮ್ಮೆಗೇ ಮೂರು ತಿಂಗಳ ಗುಳಿಗೆ ಕೊಡಲು ಅವಕಾಶವಿದೆ. ಅದನ್ನೂ ಕೇಳಿ. ಕೇಳಿದವರಿಗೆ ಸಿಕ್ಕೇ ಸಿಗುತ್ತದೆ ಎನ್ನಲಾರೆ, ಕೇಳದವರಿಗಂತೂ ಸಿಗುವುದಿಲ್ಲ.

2. ಬಾಯಿ ಮುಚ್ಚಿಕೊಂಡಿರುವುದೂ ಒಂದು ಕಸುಬು

ನನ್ನದೇ ಒಂದು ತಪ್ಪು ಹೇಳುತ್ತೇನೆ. ಹೊಸದಾಗಿ ಈ ಕೆಲಸಕ್ಕೆ ಸೇರಿದಾಗ ಸಂಸ್ಥೆಯೊಂದು ಕೊಟ್ಟ ಚೀಲ ಹೆಗಲಿಗೇರಿಸಿಕೊಂಡು ಒಂದು ಮನೆಗೆ ಹೋಗಿದ್ದೆ. ಚೀಲದ ಮೇಲೆ ಅಂಗೈ ಅಗಲದ ಕೆಂಪು ರಿಬ್ಬನ್. ಓಣಿಯಲ್ಲಿ ಅಕ್ಕಿ ಆರಿಸುತ್ತಿದ್ದ ನಾಲ್ಕು ಹೆಂಗಸರು ಮೊದಲು ಚೀಲ ನೋಡಿದರು, ಆಮೇಲೆ ನಾನು ಹೊಕ್ಕ ಬಾಗಿಲು ನೋಡಿದರು. ನಾನು ಒಂದು ಮಾತೂ ಆಡಿರಲಿಲ್ಲ. ಮುಂದಿನ ಸಲ ಹೋದಾಗ ಆ ಬಾಗಿಲು ತೆರೆಯಲಿಲ್ಲ.

ಚೀಲ ಸಾದಾ ಇರಲಿ. ಮೊಬೈಲಿನಲ್ಲಿ ಹೆಸರಿನ ಮುಂದೆ "ಎಆರ್‌ಟಿ" ಎಂದು ಸೇರಿಸಿ ಇಟ್ಟುಕೊಳ್ಳಬೇಡಿ. ಫೋನು ಯಾರ ಕೈಗಾದರೂ ಸಿಗುತ್ತದೆ. ವಾಟ್ಸಾಪ್ ಗುಂಪಿಗೆ ಯಾರನ್ನೂ ಕೇಳದೆ ಸೇರಿಸಬೇಡಿ. ಭೇಟಿ ಎಲ್ಲಿ ಎಂಬುದನ್ನು ಅವರೇ ಹೇಳಲಿ. ಎಷ್ಟೋ ಜನರಿಗೆ ಮನೆಗಿಂತ ಸಂತೆಯೇ ಸುರಕ್ಷಿತ. ಅಲ್ಲಿ ಯಾರು ಯಾರ ಜೊತೆ ಮಾತಾಡಿದರೂ ಕೇಳುವವರಿಲ್ಲ. ಬೆಳಗಾವಿಯಲ್ಲಾದರೆ ಬಸ್ ನಿಲ್ದಾಣದ ಚಹಾ ಅಂಗಡಿ ಸಾಕು.

ಇದು ಸೌಜನ್ಯಕ್ಕೆ ಬಿಟ್ಟ ಮಾತೂ ಅಲ್ಲ. ಕೆಲಸದ ಕಾರಣಕ್ಕೆ ಗೊತ್ತಾದ ಎಚ್‌ಐವಿ ಸ್ಥಿತಿಯನ್ನು ಆ ವ್ಯಕ್ತಿಯ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ಹೇಳುವುದನ್ನು ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ತಡೆಯುತ್ತದೆ.

3. ನಾಲ್ಕು ಭಾಷೆಯಲ್ಲಿ ಒಂದೊಂದು ವಾಕ್ಯ

ಖಾನಾಪುರದಲ್ಲಿ ಕನ್ನಡ, ಮರಾಠಿ, ಕೊಂಕಣಿ ಮೂರೂ ಒಂದೇ ಟಂಟಂನಲ್ಲಿ ಕುಳಿತು ಬರುತ್ತವೆ. ಬೆಳಗಾವಿಯ ಓಣಿಗಳಲ್ಲಿ ಉರ್ದುವೂ ಸೇರುತ್ತದೆ. ಗಡಿಯ ವಾದ ಹೂಡುವವರು ಹೂಡಲಿ. "ಗುಳಿಗೆ ತಪ್ಪಿಸಬ್ಯಾಡ್ರಿ, ಏನರ ಆದ್ರ ನನಗ ಹೇಳ್ರಿ" ಎಂಬಷ್ಟನ್ನು ಎದುರಿಗಿರುವವರ ಮನೆಮಾತಿನಲ್ಲಿ ಹೇಳಲು ಬಂದರೆ ನಿಮ್ಮ ಕೆಲಸ ಅರ್ಧ ಆದಂತೆ. ರೋಗದ ಹೆಸರನ್ನು ಅವರು ಹೇಗೆ ಹೇಳುತ್ತಾರೋ ಹಾಗೇ ಹೇಳಿ. "ದೊಡ್ಡ ಬ್ಯಾನಿ" ಅಂದರೆ "ದೊಡ್ಡ ಬ್ಯಾನಿ".

4. ಮೊದಲ ಭೇಟಿಯಲ್ಲಿ "ಹೇಗೆ ಬಂತು?" ಎಂದು ಕೇಳಬೇಡಿ

ಎರಡನೆಯ ಭೇಟಿಯಲ್ಲೂ ಬೇಡ.

5. ಗುಳಿಗೆಯನ್ನು ದಿನದ ಯಾವುದಾದರೂ ಕೆಲಸಕ್ಕೆ ಕಟ್ಟಿಹಾಕಿ

"ರಾತ್ರಿ ಒಂಬತ್ತಕ್ಕೆ ತಗೊಳ್ಳಿ" ಎಂಬುದು ಗಡಿಯಾರ ನೋಡಿ ಬದುಕುವವರ ಮಾತು. ಹಂಚಿನ ಭಟ್ಟಿಯಲ್ಲಿ ದುಡಿಯುವವನಿಗೆ, ಕಬ್ಬು ಕಡಿಯುವ ಗ್ಯಾಂಗಿನವಳಿಗೆ ದಿನವನ್ನು ಅಳೆಯುವ ಕೋಲು ಬೇರೆ. ದನ ಕಟ್ಟಿದ ಮೇಲೆ, ಧಾರಾವಾಹಿ ಮುಗಿದ ಮೇಲೆ, ಹಾಸಿಗೆ ಹಾಸುವ ಮೊದಲು: ಯಾವುದು ದಿನವೂ ತಪ್ಪದೋ ಅದಕ್ಕೆ ಕಟ್ಟಿ. ಮರೆತರೆ ನೆನಪಾದ ಕೂಡಲೇ ನುಂಗಲಿ. ಮರುದಿನ ಎರಡು ಸೇರಿಸಿ ನುಂಗುವುದು ಬೇಡ.

ಗುಳಿಗೆ ಡಬ್ಬಿ ಅಲುಗಾಡಿಸಿದರೆ ಗಿಲಕಿಯ ಹಾಗೆ ಸದ್ದು ಮಾಡುತ್ತದೆ. ಬಸ್ಸಿನಲ್ಲಿ ಆ ಸದ್ದಿಗೆ ಹೆದರಿ ಡಬ್ಬಿಯನ್ನೇ ಎಸೆದವರಿದ್ದಾರೆ. ಡಬ್ಬಿಯ ಬಾಯಿಗೆ ಒಂದಿಷ್ಟು ಹತ್ತಿ ತುರುಕಿ, ಸದ್ದು ನಿಲ್ಲುತ್ತದೆ. ಇಂಥ ಉಪಾಯ ತರಬೇತಿ ಪುಸ್ತಕದಲ್ಲಿ ಸಿಗುವುದು ಅಪರೂಪ, ರೋಗಿಗಳೇ ರೋಗಿಗಳಿಗೆ ಹೇಳಿಕೊಡುತ್ತಾರೆ.

ಇನ್ನು ಗುಳಿಗೆ ಗುಳಿಗೆಗಳ ಜಗಳ. ಡೊಲುಟೆಗ್ರಾವಿರ್‌ಗೂ ಆಮ್ಲಪಿತ್ತಕ್ಕೆ ಕುಡಿಯುವ ಬಿಳಿ ಔಷಧಕ್ಕೂ ಆಗಿಬರುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳ ಜೊತೆಗೂ ಅದರದು ಅದೇ ಜಗಳ. ಜೊತೆಗೆ ಹೋದರೆ ಎಚ್‌ಐವಿ ಔಷಧ ರಕ್ತಕ್ಕೆ ಪೂರ್ತಿ ಸೇರುವುದಿಲ್ಲ. ಅವಕ್ಕಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ಎಚ್‌ಐವಿ ಗುಳಿಗೆ ನುಂಗಬೇಕು. ರಕ್ತಹೀನತೆಗೆ ಕಬ್ಬಿಣದ ಗುಳಿಗೆ ಮನೆಮನೆಗೂ ಹಂಚುವ ನಮ್ಮ ಕಡೆ ಇದನ್ನು ಆಶಾ ಅಕ್ಕಂದಿರಿಗೆ ಎರಡೆರಡು ಸಲ ಹೇಳಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು ಅದನ್ನು ಎಆರ್‌ಟಿ ವೈದ್ಯರಿಗೆ ತಿಳಿಸಲಿ, ಪ್ರಮಾಣ ಬದಲಿಸಬೇಕಾಗಬಹುದು.

ನಾಟಿ ಔಷಧದವರ ಜೊತೆ ಕಾದಾಡಲು ಹೋಗಬೇಡಿ, ಸೋಲುತ್ತೀರಿ. "ಏನು ತಗೊಂಡರೂ ಡಾಕ್ಟರಿಗೆ ಹೇಳ್ರಿ, ಈ ಗುಳಿಗೆ ಮಾತ್ರ ಬಿಡಬ್ಯಾಡ್ರಿ" ಎಂದಷ್ಟೇ ಹೇಳಿ ಎದ್ದು ಬನ್ನಿ.

6. ವೈರಲ್ ಲೋಡ್ ಎಂಬ ಅಂಕಿಯನ್ನು ಎಲ್ಲರಿಗೂ ಓದಿಸಿ

ಎಸ್ಸೆಸ್ಸೆಲ್ಸಿ ಫಲಿತಾಂಶವನ್ನು ಊರೆಲ್ಲ ಕಾಯುತ್ತದೆ, ಈ ಫಲಿತಾಂಶವನ್ನು ಕಾಯುವವರೇ ಕಡಿಮೆ. ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಅಳೆಯುವ ಈ ಪರೀಕ್ಷೆ ಚಿಕಿತ್ಸೆ ಶುರುವಾಗಿ 6 ತಿಂಗಳಿಗೆ, ಮತ್ತೆ 12 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ನಡೆಯುತ್ತದೆ. ಅಂಕಿ ಪತ್ತೆಗೇ ಸಿಗದಷ್ಟು ಇಳಿದು, ಇಳಿದೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ. ಜಗತ್ತಿನ ದೊಡ್ಡ ದೊಡ್ಡ ಅಧ್ಯಯನಗಳು ಒಪ್ಪಿದ ಮಾತು ಇದು. ಆದರೆ ಹಳ್ಳಿಯ ದಂಪತಿಗೆ ಇದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ. ಒಂದೇ ಮನೆಯಲ್ಲಿ ಹತ್ತು ವರ್ಷ ಬೇರೆ ಬೇರೆ ಮೂಲೆಯಲ್ಲಿ ಮಲಗಿದವರಿಗೆ ಈ ಸುದ್ದಿ ಹೇಳಿ ನೋಡಿ. ಮೊದಲು ನಂಬುವುದಿಲ್ಲ. ಆಮೇಲೆ "ಕಾಗದದಾಗ ಬರದದ ಏನ್ರಿ?" ಎಂದು ಕೇಳುತ್ತಾರೆ. ಅವರದೇ ವರದಿಯಲ್ಲಿ ಬೆರಳಿಟ್ಟು ತೋರಿಸಿ.

7. ಬಿಟ್ಟುಹೋದವರು ಸಿಕ್ಕಾಗ ಮೊದಲು ಊಟ ಆಯ್ತಾ ಕೇಳಿ

ಕೇಂದ್ರದ ಭಾಷೆಯಲ್ಲಿ ಅವರ ಹೆಸರು "ಎಲ್‌ಎಫ್‌ಯು", ಎಂದರೆ ಬರುವುದು ನಿಲ್ಲಿಸಿದವರು. ಪಟ್ಟಿಯಲ್ಲಿ ಕೆಂಪು ಗುರುತು ಬಿದ್ದಿರುತ್ತದೆ. ನಮ್ಮ ಕಡೆ ಅವರನ್ನು ಹುಡುಕುವ ಮೊದಲ ಜಾಗ ಗೋವಾ. ಖಾನಾಪುರದ ಯುವಕರು ಕೆಲಸಕ್ಕೆ ಘಟ್ಟ ಇಳಿಯುವುದು ಹೊಸದೇನಲ್ಲ. ಇಲ್ಲಿ ಚಿಕಿತ್ಸೆಯ ಪುಸ್ತಕ, ಅಲ್ಲಿ ಕೂಲಿ. ರಜೆ ಕೇಳಿದರೆ ಮಾಲೀಕ ಯಾಕೆ ಎನ್ನುತ್ತಾನೆ, ಅದಕ್ಕೆ ಉತ್ತರ ಇಲ್ಲ. ಹೀಗೆ ಒಂದು ತಿಂಗಳು ತಪ್ಪುತ್ತದೆ, ಆಮೇಲೆ ನಾಚಿಕೆಯಿಂದ ಆರು ತಿಂಗಳು.

ಅವರಿಗೆ ಬೇಕಾದ ಮಾಹಿತಿ ಚಿಕ್ಕದು. ಚಿಕಿತ್ಸೆ ಪುಸ್ತಕ ಇದ್ದರೆ ದೇಶದ ಬೇರೆ ಎಆರ್‌ಟಿ ಕೇಂದ್ರದಲ್ಲೂ ಗುಳಿಗೆ ಕೇಳಬಹುದು. ಕಾಯಂ ಆಗಿ ಹೋಗುವವರಿಗೆ ವರ್ಗಾವಣೆ ಪತ್ರ ಸಿಗುತ್ತದೆ. ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜಿನಲ್ಲಿ ಎಆರ್‌ಟಿ ಕೇಂದ್ರವಿದೆ. ಹೊರಡುವ ಮೊದಲೇ ಇಷ್ಟು ಹೇಳಿಟ್ಟರೆ ಆಮೇಲೆ ಹುಡುಕುವ ಶ್ರಮ ಉಳಿಯುತ್ತದೆ. ಮರಳಿ ಬಂದವರನ್ನು ಸಾಲಿನಲ್ಲಿ ನಿಲ್ಲಿಸಿ ಬೈಯುವವರನ್ನು ನಾನು ನೋಡಿದ್ದೇನೆ. ಹಾಗೆ ಬೈಸಿಕೊಂಡವರು ಮುಂದಿನ ಸಲ ತಪ್ಪಿಸಿದರೆ ತಿರುಗಿ ಬರುವುದೇ ಇಲ್ಲ.

8. ಗರ್ಭಿಣಿಯ ಕ್ಯಾಲೆಂಡರ್ ಬೇರೆಯೇ ಇರಲಿ

ಚಿಕಿತ್ಸೆಯೇ ಇಲ್ಲದಿದ್ದರೆ ಸೋಂಕಿರುವ 100 ತಾಯಂದಿರಲ್ಲಿ 15ರಿಂದ 45 ಮಂದಿಯ ಮಕ್ಕಳಿಗೆ ಸೋಂಕು ದಾಟುತ್ತದೆ. ಸರಿಯಾದ ಚಿಕಿತ್ಸೆ ಇದ್ದರೆ ಅದು 5ಕ್ಕಿಂತ ಕೆಳಗೆ ಇಳಿಯುತ್ತದೆ. 2014ರಿಂದ ನಮ್ಮ ದೇಶದಲ್ಲಿ ಸೋಂಕಿರುವ ಪ್ರತಿ ಗರ್ಭಿಣಿಗೂ ಜೀವನಪೂರ್ತಿ ಎಆರ್‌ಟಿ ಎಂಬ ನೀತಿ ಇದೆ. ಮಗು ಹುಟ್ಟಿದ ಕೂಡಲೇ ಔಷಧದ ಸಿರಪ್ ಶುರುವಾಗಬೇಕು, ಕನಿಷ್ಠ 6 ವಾರ. ಆರನೆಯ ವಾರಕ್ಕೆ ಹಿಮ್ಮಡಿಯಿಂದ ರಕ್ತದ ಹನಿ ತೆಗೆದು ಪರೀಕ್ಷೆ, ಕೊನೆಯ ತೀರ್ಮಾನ 18 ತಿಂಗಳಿಗೆ. ಮೊದಲ ಆರು ತಿಂಗಳು ಎದೆಹಾಲಾದರೆ ಎದೆಹಾಲು ಮಾತ್ರ. ನಡುವೆ ಜೇನು, ಬಜೆಯ ನೀರು, ಆಕಳ ಹಾಲು ಏನೂ ಬೇಡ. ಬಾಣಂತಿಯ ಕೋಣೆಯಲ್ಲಿ ಅಜ್ಜಿಯದೇ ರಾಜ್ಯ. ಈ ಮಾತು ಅಜ್ಜಿಗೆ ಒಪ್ಪಿಗೆಯಾಗದೆ ಯಾವ ನಿಯಮವೂ ನಡೆಯುವುದಿಲ್ಲ. ಅಜ್ಜಿಗೆ ಸೊಸೆಯ ಸೋಂಕಿನ ವಿಷಯ ಗೊತ್ತಿಲ್ಲದಿದ್ದರೆ? "ಡಾಕ್ಟರು ಈಗ ಎಲ್ಲ ಕೂಸುಗಳಿಗೂ ಹೀಗೇ ಹೇಳ್ತಾರ" ಎನ್ನಿ. ಸುಳ್ಳೂ ಅಲ್ಲ, ಆರು ತಿಂಗಳು ಬರೀ ಎದೆಹಾಲು ಎಂಬುದು ಎಲ್ಲ ಮಕ್ಕಳಿಗೂ ಅನ್ವಯಿಸುವ ಸಲಹೆಯೇ.

ತವರಿಗೆ ಹೆರಿಗೆಗೆ ಹೋಗುವ ಪದ್ಧತಿ ಇಲ್ಲಿ ದೊಡ್ಡ ಕಂದಕ. ಬೆಳಗಾವಿಯಲ್ಲಿ ಹೆಸರು ಬರೆಸಿದವಳು ಏಳನೆಯ ತಿಂಗಳಿಗೆ ಚಂದಗಡಕ್ಕೋ ಹಳಿಯಾಳಕ್ಕೋ ಹೊರಟುಬಿಡುತ್ತಾಳೆ. ಸೀಮಂತದ ದಿನಕ್ಕೆ ಮೊದಲೇ ತವರೂರಿನ ಆಸ್ಪತ್ರೆ ಯಾವುದು ಎಂದು ಕೇಳಿಟ್ಟುಕೊಳ್ಳಿ.

9. ಎರಡು ವಾರದ ಕೆಮ್ಮನ್ನು ಹಗುರಾಗಿ ನೋಡಬೇಡಿ

ಎರಡು ವಾರವೂ ಕಾಯಬೇಡಿ. ಎಚ್‌ಐವಿ ಇರುವವರನ್ನು ಇಂದಿಗೂ ಹೆಚ್ಚು ಬಲಿ ತೆಗೆದುಕೊಳ್ಳುವ ಕಾಯಿಲೆ ಕ್ಷಯ. ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು: ಯಾವುದಾದರೂ ಒಂದಿದ್ದರೆ ಸಾಕು, ಕಫ ಪರೀಕ್ಷೆ ಆಗಲಿ. ಕ್ಷಯದ ರಿಫಾಂಪಿಸಿನ್ ಶುರುವಾದರೆ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕಾಗುತ್ತದೆ, ಎರಡೂ ಕಡೆಯ ವೈದ್ಯರಿಗೆ ಎರಡೂ ವಿಷಯ ಗೊತ್ತಿರಲಿ. ಕ್ಷಯ ರೋಗಿಗೆ ನಿಕ್ಷಯ್ ಪೋಷಣ್‌ನಲ್ಲಿ ತಿಂಗಳಿಗೆ 1,000 ರೂಪಾಯಿ ಸಿಗುತ್ತದೆ. ಬ್ಯಾಂಕ್ ಖಾತೆ ಜೋಡಿಸಿದ್ದಾರೆಯೇ ನೋಡಿ.

10. ಗೊತ್ತಿರುವವರ ಕೈಗೆ ಕೋಲು ಕೊಡಿ

ಈ ಜಿಲ್ಲೆಯ ಕಥೆ ಗೊತ್ತಿಲ್ಲದೆ ಇಲ್ಲಿ ಕೆಲಸ ಮಾಡುವುದು ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ. 2007ರಲ್ಲಿ ಶುರುವಾದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಮೂರನೆಯ ಹಂತದಲ್ಲಿ ಬೆಳಗಾವಿ "ಎ" ವರ್ಗದ ಜಿಲ್ಲೆ. ಗರ್ಭಿಣಿಯರಲ್ಲಿ ಸೋಂಕು ಶೇಕಡಾ 1ನ್ನು ದಾಟಿದ ಜಿಲ್ಲೆಗಳ ಗುಂಪು ಅದು. ಅದೇ ಜಿಲ್ಲೆಯಲ್ಲಿ ಸವದತ್ತಿಯ ಯಲ್ಲಮ್ಮನ ಗುಡ್ಡವಿದೆ. ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರಾಗಿಸುವ ಪದ್ಧತಿಯನ್ನು 1982ರ ಕರ್ನಾಟಕ ಕಾಯ್ದೆ ನಿಷೇಧಿಸಿತು. ಆದರೆ ಅಷ್ಟರಲ್ಲಿ ಮುತ್ತು ಕಟ್ಟಿಸಿಕೊಂಡಿದ್ದ ಹುಡುಗಿಯರು ಮುಂದಿನ ದಶಕದಲ್ಲಿ ಈ ರೋಗದ ಬಾಯಿಗೆ ಮೊದಲು ಸಿಕ್ಕರು.

ಅವರನ್ನು "ಅಪಾಯದ ಗುಂಪು" ಎಂದು ಬರೆದುಕೊಂಡು ಸುಮ್ಮನಾಗುವುದು ಸುಲಭವಿತ್ತು. ಘಟಪ್ರಭಾದಲ್ಲಿ ಹಾಗಾಗಲಿಲ್ಲ. ಅಲ್ಲಿನ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ನಡೆಸಿದವರು ದೇವದಾಸಿಯರಾಗಿದ್ದ ಹೆಂಗಸರೇ. ಎಳವೆಯಲ್ಲೇ ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿ ಆ ಸಂಸ್ಥೆಯನ್ನು ಮುನ್ನಡೆಸಿದರು. 2018ರಲ್ಲಿ ಪದ್ಮಶ್ರೀ ಅವರ ಹೆಸರಿಗೆ ಬಂತು. ಗಡಿಯಾಚೆ ಸಾಂಗ್ಲಿಯಲ್ಲಿ 1992ರಲ್ಲಿ ಶುರುವಾದ ಸಂಗ್ರಾಮ್ ಕೂಡ ಇದೇ ದಾರಿ ಹಿಡಿಯಿತು. ಲೈಂಗಿಕ ವೃತ್ತಿಯ ಹೆಂಗಸರೇ ನಿರೋಧ್ ಹಂಚಿದರು, ಅವರೇ ಮನೆ ಮನೆ ತಿರುಗಿದರು, ಮುಂದೆ ವ್ಯಾಂಪ್ ಎಂಬ ತಮ್ಮದೇ ಸಂಘಟನೆ ಕಟ್ಟಿಕೊಂಡರು.

ಆದ್ದರಿಂದ ನಿಮ್ಮ ಸಭೆಯಲ್ಲಿ ಪಾಸಿಟಿವ್ ಇರುವವರು ಎಷ್ಟು ಮಂದಿ, ಅವರಲ್ಲಿ ಸಂಬಳ ಪಡೆಯುವವರು ಎಷ್ಟು ಮಂದಿ ಎಂದು ಎಣಿಸಿ. ಚಾಪೆ ಹಾಸಲು, ಹಾಡು ಹೇಳಲು, ಫೋಟೋಕ್ಕೆ ನಿಲ್ಲಲು ಮಾತ್ರ ಅವರನ್ನು ಕರೆಯುತ್ತಿದ್ದರೆ ಅದನ್ನು ಸಭೆ ಎನ್ನಲಾಗದು.

11. ಮಕ್ಕಳಿಗೆ "ಶಕ್ತಿ ಗುಳಿಗೆ" ಎಂದು ಎಷ್ಟು ವರ್ಷ ಹೇಳುತ್ತೀರಿ?

ಏಳೆಂಟು ವರ್ಷದ ಮಗುವಿಗೆ "ನಿನ್ನ ರಕ್ತದಾಗ ಒಂದು ಹುಳ ಮಲಗೇದ, ಈ ಗುಳಿಗೆ ಅದನ್ನ ಏಳದಂಗ ನೋಡ್ಕೋತದ" ಎಂದರೆ ತಿಳಿಯುತ್ತದೆ. ಹನ್ನೆರಡು ಹದಿಮೂರಕ್ಕೆ ಹೆಸರು ಹೇಳಿ. ತಡವಾದರೆ ಮೊಬೈಲ್ ಹೇಳುತ್ತದೆ, ಇಲ್ಲವೇ ಜಗಳದ ನಡುವೆ ಯಾವನೋ ಹೇಳುತ್ತಾನೆ. ಗುಳಿಗೆ ಬಿಡುವ ಹುಡುಗರು ಬಹಳಷ್ಟು ಸಲ ಆ ವಯಸ್ಸಿನವರೇ.

ಬೆಳಗಾವಿಯ ಮಹೇಶ ಫೌಂಡೇಶನ್ ಎಚ್‌ಐವಿ ಬಾಧಿತ ಮಕ್ಕಳಿಗೆ ಆಸರೆ, ಓದು ಒದಗಿಸುತ್ತ ಬಂದಿದೆ. ಆದರೆ ಅಜ್ಜಿ, ಚಿಕ್ಕಮ್ಮ, ಅಣ್ಣ ಯಾರಾದರೂ ನೋಡಿಕೊಳ್ಳುವಂತಿದ್ದರೆ ಮಗು ಮನೆಯಲ್ಲೇ ಇರಲಿ. ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಇದೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಬೇರೆ ಕಡೆ 96,000 ರೂಪಾಯಿ ಮೀರಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಇನ್ನೊಂದು ಸಂಗತಿ ವಕೀಲರಿಗೂ ಅಷ್ಟಾಗಿ ಗೊತ್ತಿರುವುದಿಲ್ಲ. ಎಚ್‌ಐವಿ ಬಾಧಿತ ಕುಟುಂಬದ ವ್ಯವಹಾರ ನೋಡಿಕೊಳ್ಳುತ್ತಿರುವ, ತಿಳಿವಳಿಕೆ ಬಂದಿರುವ 12ರಿಂದ 18 ವರ್ಷದ ಅಕ್ಕ ಅಥವಾ ಅಣ್ಣ, ತಮ್ಮ ತಂಗಿಯರ ಶಾಲಾ ಪ್ರವೇಶ, ಬ್ಯಾಂಕ್ ಖಾತೆ, ಚಿಕಿತ್ಸೆ, ಆಸ್ತಿಯಂಥ ವಿಷಯಗಳಲ್ಲಿ ಪೋಷಕರಾಗಿ ನಿಲ್ಲಬಹುದು. ಮುಂದಿನ ಸೂತ್ರದಲ್ಲಿ ಬರುವ ಕಾಯ್ದೆಯಲ್ಲೇ ಅದು ಬರೆದಿದೆ.

12. ಕಾಯ್ದೆ ಬಾಯಿಪಾಠ ಬೇಡ, ಕಿಸೆಯಲ್ಲಿರಲಿ

ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017ರದು, ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಂದು. ಕೆಲಸದಿಂದ ತೆಗೆಯುವುದು, ಶಾಲೆಗೆ ಸೇರಿಸದಿರುವುದು, ಮನೆ ಬಾಡಿಗೆ ನಿರಾಕರಿಸುವುದು, ಆಸ್ಪತ್ರೆಯಲ್ಲಿ ಮುಟ್ಟದಿರುವುದು ಎಲ್ಲವೂ ಅದರಡಿ ತಾರತಮ್ಯವೇ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ. ನ್ಯಾಯಾಲಯಕ್ಕೆ ಹೋದರೂ ಹೆಸರು ಮರೆಮಾಚಲು ಕೇಳಿಕೊಳ್ಳಬಹುದು. ದೂರು ಒಂಬುಡ್ಸ್‌ಮನ್‌ಗೆ. 30 ದಿನದಲ್ಲಿ ಆದೇಶ, ತುರ್ತು ವೈದ್ಯಕೀಯ ಪ್ರಕರಣದಲ್ಲಿ ಆದಷ್ಟು 24 ಗಂಟೆಯೊಳಗೆ.

ಆದರೂ ನನ್ನ ಅನುಭವದಲ್ಲಿ ಕಾಯ್ದೆಯ ಪ್ರತಿಯನ್ನು ಮೇಜಿನ ಮೇಲೆ ಇಟ್ಟಷ್ಟಕ್ಕೇ ಅರ್ಧ ಜಗಳ ಮುಗಿದಿದೆ. ಹಾಸಿಗೆಯ ತಲೆಯ ಕಡೆ ಕೆಂಪು ಪಟ್ಟಿ ಅಂಟಿಸಿದ್ದ ಒಂದು ಖಾಸಗಿ ದವಾಖಾನೆಯವರು ಓದಿದರು, ಏನೂ ಹೇಳದೆ ಪಟ್ಟಿ ಕಿತ್ತರು. ಕ್ಷಮೆ ಕೇಳಲಿಲ್ಲ, ನಾನೂ ಕೇಳಿಸಲು ಹೋಗಲಿಲ್ಲ. ರೋಗಿಗೆ ಆ ಹೊತ್ತಿಗೆ ಬೇಕಾಗಿದ್ದದ್ದು ಶಸ್ತ್ರಚಿಕಿತ್ಸೆ.

13. ಸೂಜಿ ಚುಚ್ಚಿದರೆ ಗಡಿಯಾರ ನೋಡಿ

ನಿಮಗೇ ಆಗಲಿ, ಆಸ್ಪತ್ರೆಯ ಕಸ ತುಂಬುವವರಿಗೇ ಆಗಲಿ, ಅತ್ಯಾಚಾರಕ್ಕೆ ಒಳಗಾದವರಿಗೇ ಆಗಲಿ, 72 ಗಂಟೆಯೊಳಗೆ ತಡೆ ಔಷಧ ಶುರುವಾಗಬೇಕು. ಮೊದಲ ಎರಡು ಗಂಟೆಯೊಳಗೆ ಆದರೆ ಒಳ್ಳೆಯದು. ಒಟ್ಟು 28 ದಿನ. ಯಾವುದೇ ಅನುಮಾನಕ್ಕೆ 1097 ಪುಕ್ಕಟೆ ಸಹಾಯವಾಣಿ.

14. ಡಿಸೆಂಬರ್ 1ರ ಜಾಥಾ ಲೆಕ್ಕಕ್ಕಿಲ್ಲ

ಚನ್ನಮ್ಮ ವೃತ್ತದಲ್ಲಿ ಮಾನವ ಸರಪಳಿ, ಟೋಪಿ, ಬ್ಯಾನರ್ ಎಲ್ಲ ಇರಲಿ. ಮರುದಿನದ ಪತ್ರಿಕೆಯ ಫೋಟೋ ಕತ್ತರಿಸಿ ಅಂಟಿಸಿಕೊಳ್ಳಿ, ಬೇಡ ಎನ್ನುವುದಿಲ್ಲ. ನಿಮ್ಮ ನಿಜವಾದ ಲೆಕ್ಕಕ್ಕೆ ಮೂರು ಅಂಕಣ ಸಾಕು: ಈ ತಿಂಗಳು ತಾರೀಖಿಗೆ ಬರಬೇಕಿದ್ದವರು ಎಷ್ಟು, ಬಂದವರು ಎಷ್ಟು, ಬಾರದವರ ಮನೆಗೆ ಯಾರು ಹೋದರು. ಮೂರನೆಯ ಅಂಕಣ ಖಾಲಿ ಇರುವ ಸಂಸ್ಥೆಗಳು ವರದಿಯನ್ನು ಬಹಳ ಚೆನ್ನಾಗಿ ಬರೆಯುತ್ತವೆ.

15. ಮೇ ತಿಂಗಳಲ್ಲೇ ಮಳೆಗಾಲ ಮುಗಿಸಿ

ಖಾನಾಪುರದ ಪಶ್ಚಿಮಕ್ಕೆ ಜೂನ್ ಹಿಡಿದರೆ ಬಿಡುವುದಿಲ್ಲ. ಹಳ್ಳ ತುಂಬಿ, ಕಾಲುಸಂಕ ಕೊಚ್ಚಿ, ಭೀಮಗಡದ ಕಾಡಿನೊಳಗಿನ ಹಳ್ಳಿಗಳು ಹೊರಜಗತ್ತಿನಿಂದ ಕಡಿದುಹೋಗುತ್ತವೆ. ಆಮಗಾಂವದಂಥ ಊರಿನಿಂದ ರೋಗಿಯನ್ನು ಹೆಗಲ ಮೇಲೆ ಹೊತ್ತು ತರುವ ಸುದ್ದಿ ಇಲ್ಲಿ ಮಳೆಗಾಲದ ಸುದ್ದಿ. ಅಂಥ ಕಡೆ ಜುಲೈ ತಿಂಗಳ ಗುಳಿಗೆ ತಾರೀಖು ಎಂದರೆ ತಮಾಷೆಯ ಮಾತು.

ಮೇ ಮೂರನೆಯ ವಾರ ಒಂದು ಪಟ್ಟಿ ಮಾಡಿ. ಹಳ್ಳದಾಚೆ ಯಾರಿದ್ದಾರೆ, ಅವರ ಡಬ್ಬಿಯಲ್ಲಿ ಎಷ್ಟು ಗುಳಿಗೆ ಉಳಿದಿದೆ, ಮೂರು ತಿಂಗಳ ಗುಳಿಗೆ ಒಟ್ಟಿಗೆ ಕೊಡಿಸಬಹುದೇ. ಯಾರಿಗಾದರೂ ಮಳೆಗಾಲದಲ್ಲೇ ಹೆರಿಗೆಯ ದಿನ ಬಿದ್ದಿದೆಯೇ, ಹಳ್ಳದ ಈಚೆ ಉಳಿದುಕೊಳ್ಳಲು ಅವರಿಗೆ ನೆಂಟರಿದ್ದಾರೆಯೇ. ಗುಳಿಗೆಗೆ ತೇವ ಆಗದು, ಡಬ್ಬಿಯೊಳಗಿನ ಬಿಳಿ ಪುಟ್ಟ ಪೊಟ್ಟಣ ಎಸೆಯಬೇಡಿ ಎನ್ನಿ. ಡಬ್ಬಿಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ, ಅಕ್ಕಿ ಡಬ್ಬದೊಳಗೆ ಇಡಿ ಎನ್ನಿ. ಅಕ್ಕಿ ಡಬ್ಬ ಒಣಗಿರುತ್ತದೆ, ನೆರೆಯವರು ಅದರ ಮುಚ್ಚಳ ತೆಗೆಯುವುದೂ ಇಲ್ಲ.